ಹೊಸ ಅಣಬೆ ಎಂದರೆ ಬರೀ ಫೋಟೊ ಅಲ್ಲ

ಮಾನ್ಯ ಸಂಪಾದಕರೇ,

‘ಮಳೆಕಾಡಿನಲ್ಲಿ ಹೊಸ ಅಣಬೆ ಪತ್ತೆ’ ಎಂಬ ಸುದ್ದಿ ಆಗಾಗ ಬರುತ್ತದೆ. ಚೆಂದದ ಫೋಟೊ, ನಾಲ್ಕು ಸಾಲು, ತಿನ್ನಬಹುದೋ ಇಲ್ಲವೋ ಎಂಬ ಮಾತು. ಅಷ್ಟೇ. ಕಣ್ಣಿಗೆ ಬಿದ್ದ ಕೂಡಲೇ ಅದು ಹೊಸ ಪ್ರಭೇದ ಆಗಿಬಿಡುವುದಿಲ್ಲ, ಅಲ್ವಾ?

ಬೆಳಿಗ್ಗೆ ಕಿತ್ತ ಅಣಬೆ ಆ ಸೆಕೆಗೆ ಸಂಜೆಯೊಳಗೆ ಮೆತ್ತಗಾಗಬಹುದು. ಅಷ್ಟರಲ್ಲಿ ಬಣ್ಣ, ವಾಸನೆ, ಕೊಯ್ದಾಗ ತಿರುಳು ನೀಲಿಗೆ ತಿರುಗಿತೇ ಎಂಬುದನ್ನೆಲ್ಲ ಬರೆದುಕೊಳ್ಳಬೇಕು. ಒಣಗಿದ ಮೇಲೆ ಇವು ಸಿಗುವುದಿಲ್ಲ. ಟೋಪಿಯನ್ನು ಕಾಗದದ ಮೇಲಿಟ್ಟು ಬಟ್ಟಲು ಮುಚ್ಚಿದರೆ ರಾತ್ರಿ ಕಳೆಯುವುದರಲ್ಲಿ ಬೀಜಕಣ ಉದುರಿ ಅಚ್ಚು ಮೂಡುತ್ತದೆ. ಬಿಳಿಯೋ, ಕಂದೋ, ಗುಲಾಬಿಯೋ, ಆ ಬಣ್ಣವೇ ಒಂದು ದೊಡ್ಡ ಸುಳಿವು. ಆಮೇಲೆ ಮೈಕ್ರೋಸ್ಕೋಪು, ಡಿಎನ್‌ಎ, ಹಳೆಯ ಮಾದರಿಗಳ ಜೊತೆ ಹೋಲಿಕೆ. 2013ರಿಂದ ಹೊಸ ಹೆಸರಿಗೆ ನೋಂದಣಿ ಸಂಖ್ಯೆಯೂ ಕಡ್ಡಾಯ.

2011ರಲ್ಲಿ ಬೋರ್ನಿಯೊದ ಒಂದು ಅಣಬೆಗೆ ಕಾರ್ಟೂನ್ ಪಾತ್ರದ ಹೆಸರಿಟ್ಟರು. ಸುದ್ದಿಯಾಗಿದ್ದು ಆ ಹೆಸರೇ. ಹಿಂಡಿದರೆ ನೀರು ಬಿಟ್ಟು ಸ್ಪಂಜಿನಂತೆ ಮತ್ತೆ ಉಬ್ಬುವ ಅದರ ಗುಣ ನನಗೆ ಹೆಸರಿಗಿಂತ ಜಾಸ್ತಿ ಮಜಾ ಅನಿಸಿತು.

ಮುಂದಿನ ಸಲ ಇಂಥ ಸುದ್ದಿ ಹಾಕುವಾಗ ಎರಡು ವಿಷಯ ಸೇರಿಸಿ: ಹತ್ತಿರದ ಪ್ರಭೇದಕ್ಕಿಂತ ಇದು ಹೇಗೆ ಬೇರೆ, ಒಣಗಿಸಿದ ಮಾದರಿ ಯಾವ ಹರ್ಬೇರಿಯಂನಲ್ಲಿ (ಒಣ ಮಾದರಿಗಳನ್ನು ಕಾಪಿಡುವ ಸಂಗ್ರಹಾಲಯದಲ್ಲಿ) ಇದೆ.

– ಒಬ್ಬ ಓದುಗ