ಆ ಜೆಲ್ ಕಿಟ್ ಸದ್ಯಕ್ಕೆ ಬಿಚ್ಚಬೇಡ

ಲೀಡ್ಸ್, ಭಾನುವಾರ

ಅವ್ವ, ಅಪ್ಪಾಜಿಗೆ ನಮಸ್ಕಾರ. ನಾನಿಲ್ಲಿ ಆರಾಮ. ಚಳಿ ಬಿದ್ದಿದೆ, ಶೇಂಗಾ ಚಟ್ನಿಪುಡಿ ಇನ್ನೊಂದು ತಿಂಗಳಿಗೆ ಆಗುತ್ತೆ. ಈ ಪತ್ರ ಮುಖ್ಯವಾಗಿ ಶಿಲ್ಪಾಗೆ. ಆದರೆ ಅವ್ವಾ, ನೀನೂ ಕೂತು ಕೇಳು, ಇದರಲ್ಲಿ ನಿನ್ನ ಸುದ್ದಿಯೂ ಇದೆ.

ಶಿಲ್ಪಾ, ಮುಂದಿನ ಕೋಣೇಲಿ ನೇಲ್ ಎಕ್ಸ್‌ಟೆನ್ಶನ್, ಅಂದ್ರೆ ಜೆಲ್ ಹಚ್ಚಿ ಉಗುರು ಉದ್ದ ಮಾಡೋದು, ಶುರು ಮಾಡ್ತೀನಿ, ಆನ್‌ಲೈನ್‌ನಲ್ಲಿ ಜೆಲ್ಲು, ಲ್ಯಾಂಪು ತರಿಸಿದೀನಿ ಅಂದೆ. ಬೇಡ ಅನ್ನಲ್ಲ. ಮದುವೆ ಸೀಸನ್ ಬಂತಂದ್ರೆ ದಾವಣಗೆರೇಲಿ ಮೆಹಂದಿಯವರಿಗೇ ಉಸಿರಾಡಕ್ಕೆ ಬಿಡುವಿರಲ್ಲ, ನಿನಗೂ ಗಿರಾಕಿ ಸಿಗ್ತಾರೆ. ಆದರೆ ಕಲಿಯದೆ ಯಾರ ಕೈಯನ್ನೂ ಹಿಡೀಬೇಡ, ನಿಂದೂ ಸೇರಿಸಿ.

ನಮ್ಮ ಕ್ಲಿನಿಕ್‌ನಲ್ಲಿ ಹುಳುಕು ಹಲ್ಲಿಗೆ ಬಿಳಿ ಫಿಲ್ಲಿಂಗ್ ಇಟ್ಟು ನೀಲಿ ಬೆಳಕು ಹಿಡಿದು ಗಟ್ಟಿ ಮಾಡ್ತೀವಲ್ಲ, ನಿನ್ನ ಜೆಲ್ಲೂ ಅದೇ ಕುಲ: ಅಕ್ರಿಲೇಟ್, ಮೆಥಾಕ್ರಿಲೇಟ್ ಅನ್ನೋ ರಾಸಾಯನಿಕಗಳು. ಪೂರ್ತಿ ಗಟ್ಟಿಯಾದ ಮೇಲೆ ಅಪಾಯ ಕಡಿಮೆ. ಹಸಿ ಜೆಲ್ ಚರ್ಮಕ್ಕೆ ತಾಗಿದರೆ, ಇಲ್ಲಾ ಲ್ಯಾಂಪು ಜೆಲ್ಲಿಗೆ ಹೊಂದದೆ ಒಳಗೆ ಅರೆಬರೆ ಹಸಿ ಉಳಿದರೆ ಅಲರ್ಜಿ ಅಂಟಿಕೊಳ್ಳುತ್ತೆ. ಮೊದಮೊದಲು ಏನೂ ಗೊತ್ತಾಗಲ್ಲ, ಮೋಸ ಇರೋದೇ ಅಲ್ಲಿ. ತಿಂಗಳುಗಟ್ಟಲೆ ಚೆನ್ನಾಗಿದ್ದು ಆಮೇಲೆ ಬೆರಳ ತುದಿ ಕೆಂಪಾಗಿ ತುರಿಸುತ್ತೆ, ಉಗುರು ಬುಡ ಬಿಟ್ಟು ಏಳುತ್ತೆ. ಕಣ್ಣಿನ ರೆಪ್ಪೆ ಊದಿದರೆ ಪಾಪ, ಜನ ಕಾಡಿಗೆಯನ್ನ ಬೈತಾರೆ.

ಹೋದ ತಿಂಗಳು ನಿನ್ನ ವಯಸ್ಸಿನ ಹುಡುಗಿ ಫಿಲ್ಲಿಂಗ್‌ಗೆ ಬಂದಿದ್ದಳು. ಬೆರಳ ತುದಿಯೆಲ್ಲ ಒಡೆದು ಸಿಪ್ಪೆ ಎದ್ದು, ಅವಳ ಫೋನು ಬೆರಳಚ್ಚನ್ನೇ ಹಿಡೀತಿರಲಿಲ್ಲ. ಮನೇಲಿ ಕಿಟ್ ತರಿಸಿ ಹಚ್ಚಿಕೊಂಡಿದ್ದು. ಯಾವುದರ ಅಲರ್ಜಿ ಅಂತ ಚರ್ಮಕ್ಕೆ ಅಂಟಿಸಿ ನೋಡೋ ಪ್ಯಾಚ್ ಟೆಸ್ಟ್‌ನಲ್ಲಿ ಹೆಚ್‌ಇಎಂಎ ಅನ್ನೋ ಮೆಥಾಕ್ರಿಲೇಟ್ ಅಂತ ಬಂದಿತ್ತು. ಈ ಅಲರ್ಜಿ ಒಮ್ಮೆ ಹತ್ತಿದರೆ ಸಾಮಾನ್ಯವಾಗಿ ಜೀವಮಾನ ಪೂರ್ತಿ ಬಿಡಲ್ಲ. ಡಾಕ್ಟರು ಅವಳ ಹಲ್ಲಿಗೆ ಬೇರೆ ಸಾಮಾನು ಹುಡುಕಬೇಕಾಯ್ತು. ಯುರೋಪ್ ಒಕ್ಕೂಟದಲ್ಲಿ ಹೆಚ್‌ಇಎಂಎ ಇರೋ ಉಗುರಿನ ಸಾಮಾನನ್ನ 2021ರಿಂದ ಕಸುಬುದಾರರು ಮಾತ್ರ ಬಳಸಬೇಕು. ಜೆಲ್ ಗಟ್ಟಿಯಾಗಲಿ ಅಂತ ಹಾಕ್ತಿದ್ದ ಟಿಪಿಒ ಅನ್ನೋದನ್ನ 2025ರ ಸೆಪ್ಟೆಂಬರ್‌ನಿಂದ ನಿಷೇಧಿಸಿದ್ದಾರೆ, ಅದರ ಕಾರಣ ಅಲರ್ಜಿಯಲ್ಲ, ಸಂತಾನಶಕ್ತಿಗೆ ಕುತ್ತು ಅಂತ.

ಅವ್ವಾ, ಮಂಡಿ ಬದಲಿಸೋ ಆಪರೇಶನ್‌ನಲ್ಲಿ ಮೂಳೆಗೆ ಹಾಕೋ ಸಿಮೆಂಟೂ ಇದೇ ಕುಲದ್ದು. ಡಾಕ್ಟರು ನಿನ್ನ ಮಂಡಿ ಮಾತು ಎತ್ತಿರೋವಾಗ ಮಗಳ ಮೊದಲ ಗಿರಾಕಿ ನೀನಾಗಬೇಡ.

ಶುರು ಮಾಡೋದೇ ಆದರೆ: ಲ್ಯಾಂಪು, ಜೆಲ್ಲು ಒಂದೇ ಕಂಪನಿದು ಇರಲಿ. ಚರ್ಮಕ್ಕೆ ತಾಗಿದ ಜೆಲ್ಲನ್ನ ಲ್ಯಾಂಪಿಗೆ ಹಿಡಿಯೋ ಮೊದಲೇ ಒರೆಸು. ಕೈಗೆ ನೈಟ್ರೈಲ್ ಗ್ಲೌಸು ಹಾಕು, ಜೆಲ್ ತಾಗಿದ ತಕ್ಷಣ ಬದಲಿಸು; ಅಕ್ರಿಲೇಟು ತೆಳು ಗ್ಲೌಸನ್ನ ಕೆಲವೇ ನಿಮಿಷದಲ್ಲಿ ದಾಟುತ್ತೆ. ಮದುಮಗಳಿಗೆ ಮೊದಲ ಸಲ ಹಚ್ಚೋದನ್ನ ಮದುವೆ ಹಿಂದಿನ ದಿನಕ್ಕೆ ಇಟ್ಕೋಬೇಡ. ತುರಿಕೆ ಅಂದವರನ್ನ ಬಾಪೂಜಿ ಆಸ್ಪತ್ರೆ ಚರ್ಮದ ಡಾಕ್ಟರ ಹತ್ರ ಕಳಿಸು, ಮೇಲೊಂದು ಕೋಟು ಹಚ್ಚಿ ಸಮಾಧಾನ ಹೇಳಬೇಡ.

ಬಾಟಲಿ ಲೇಬಲ್ಲಿನ ಫೋಟೋ ವಾಟ್ಸಾಪ್ ಮಾಡು. ಅದರಲ್ಲಿ ಏನಿದೆ ಅಂತಾನೇ ಬರೆದಿಲ್ಲ ಅಂದ್ರೆ ವಾಪಸ್ ಮಾಡು, ದುಡ್ಡು ಹೋದರೆ ಹೋಗಲಿ. ಕೋರ್ಸ್ ಫೀಸ್ ನಾನು ಹಾಕ್ತೀನಿ, ಅಪ್ಪಾಜಿ ಹತ್ರ ಕೇಳಬೇಡ.

ನಿನ್ನ ಅಕ್ಕ