ಸಂಶೋಧನಾ ಪ್ರಕಟಣೆ: ನಮ್ಮ ಸಲಹೆಯ ಕರಡಿನಲ್ಲಿ ಒಂದು ತಿದ್ದುಪಡಿ

ಗೆಳೆಯರೇ,

ಈ ವಾರ ನಮ್ಮ ಸಲಹೆಯ ಕರಡು ಮುಗಿಯಬೇಕು. ಅದಕ್ಕೆ ಮೊದಲು ಒಂದು ಮಾತು.

ಕರಡಿನಲ್ಲಿ ‘ಮುಕ್ತ ಪ್ರಕಟಣೆ ಬೇಕು’ ಅಂತ ಮಾತ್ರ ಬರೆದಿದ್ದೇವೆ. ಅಷ್ಟು ಸಾಲದು. 2002ರ ಬುಡಾಪೆಸ್ಟ್ ಘೋಷಣೆಯ ಆಸೆ ಸರಳವಾಗಿತ್ತು: ಸಂಶೋಧನೆಯನ್ನು ಯಾರು ಬೇಕಾದರೂ ದುಡ್ಡು ಕೊಡದೆ ಓದುವಂತಾಗಬೇಕು. ಆದರೆ ಎಷ್ಟೋ ಕಡೆ ಆಗಿದ್ದೇನು? ಓದುವವರ ಚಂದಾ ಹೋಯಿತು, ಬರೆಯುವವರ ಮೇಲೆ ಶುಲ್ಕ ಬಿತ್ತು. ಕೆಲವು ಹೆಸರಾಂತ ಸಂಶೋಧನಾ ಪತ್ರಿಕೆಗಳು ಒಂದು ಪ್ರಬಂಧಕ್ಕೆ 10,000 ಡಾಲರ್‌ಗಿಂತ ಜಾಸ್ತಿ ಕೇಳುತ್ತವೆ. ಅನುದಾನ ಇಲ್ಲದವರು ಎಲ್ಲಿಗೆ ಹೋಗಬೇಕು? ಇನ್ನು ಪ್ರಬಂಧಗಳನ್ನು ಪರಿಶೀಲಿಸುವ ವಿಜ್ಞಾನಿಗಳಿಗೆ ಸಾಮಾನ್ಯವಾಗಿ ಒಂದು ಕಾಸೂ ಸಿಗುವುದಿಲ್ಲ. ಇದು ನ್ಯಾಯ ಅಲ್ಲ, ಅಲ್ವಾ?

ಬೇರೆ ದಾರಿಗಳಿವೆ. ಆರ್ಕೈವ್ (arXiv) ಎಂಬ ಆನ್‌ಲೈನ್ ಭಂಡಾರ 1991ರಿಂದ ಪ್ರಬಂಧಗಳ ಕರಡು ಪ್ರತಿಗಳನ್ನು ಉಚಿತವಾಗಿ ಹಂಚುತ್ತಿದೆ. ‘ಡೈಮಂಡ್’ ಪತ್ರಿಕೆಗಳು ಓದುವವರಿಂದಲೂ ಬರೆಯುವವರಿಂದಲೂ ಶುಲ್ಕ ತೆಗೆದುಕೊಳ್ಳುವುದಿಲ್ಲ. ಖರ್ಚನ್ನು ವಿಶ್ವವಿದ್ಯಾಲಯಗಳೋ ವಿದ್ವಾಂಸರ ಸಂಘಗಳೋ ಹೊರುತ್ತವೆ. ನಮ್ಮ ಸಲಹೆ ಇವಕ್ಕೆ ಹಣ ಕೊಡಿ ಎಂದು ನೇರವಾಗಿ ಕೇಳಬೇಕು.

ಇನ್ನೂ ಮುಖ್ಯವಾದದ್ದು: ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪ್ರಬಂಧಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಅಂಕಿ) ನೋಡಿ ಕೆಲಸ, ಬಡ್ತಿ ಕೊಡುವ ತನಕ ಯುವ ಸಂಶೋಧಕರು ಆ ದುಬಾರಿ ಪತ್ರಿಕೆಗಳನ್ನು ಬಿಡಲಾರರು. ಹಾಗೆ ಅಳೆಯಬೇಡಿ ಎಂದು ಸಂಶೋಧನೆಯನ್ನು ಅಳೆಯುವ ಬಗೆಯ ಕುರಿತ ಡೋರಾ (DORA) ಘೋಷಣೆ 2013ರಲ್ಲೇ ಹೇಳಿದೆ. ಈ ಅಂಶವನ್ನು ಕೊನೆಯ ಪುಟದಿಂದ ಮೊದಲ ಪುಟಕ್ಕೆ ತರೋಣ ಅಂತ ನನ್ನ ಕೋರಿಕೆ.

ಒಪ್ಪದವರು ಶುಕ್ರವಾರದೊಳಗೆ ಕಾರಣ ಬರೆಯಿರಿ. ಒಪ್ಪಿದವರೂ ಸುಮ್ನೆ ಹೆಬ್ಬೆರಳ ಚಿಹ್ನೆ ಒತ್ತಿ ಬಿಡದೆ ಒಂದು ಸಾಲು ಬರೆದರೆ ಕರಡಿಗೆ ಸೇರಿಸುತ್ತೇನೆ.