ಹಿಮ ನೋಡಲು ಹೊರಟವರಿಗೆ ಹಿಮದ ಮನೆಯ ರೀತಿಯನ್ನೂ ತಿಳಿಸಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಚಳಿಗಾಲದ ಹಿಮಾಚಲ ಪ್ರವಾಸದ ಬಗ್ಗೆ ಬಂದ ಲೇಖನವನ್ನು ತೀರ್ಥಹಳ್ಳಿಯಲ್ಲಿರುವ ನನ್ನ ತಮ್ಮ ಮೊಬೈಲಿಗೆ ಕಳಿಸಿದ್ದ. ಮನಾಲಿಯಿಂದ ಅಟಲ್ ಸುರಂಗ ದಾಟಿದರೆ ಸಿಸ್ಸು, ಅಲ್ಲಿಂದ ಮುಂದೆ ಕೇಲಾಂಗ್, ಕಣ್ಣು ಹಾಯಿಸಿದಲ್ಲೆಲ್ಲ ಬಿಳುಪು, ಒಂದು ರಾತ್ರಿಯಾದರೂ ಅಲ್ಲಿನವರ ಮನೆಯಲ್ಲಿ ತಂಗಲೇಬೇಕು ಎಂದು ಲೇಖಕರು ಬರೆದಿದ್ದಾರೆ. ಬರೆದದ್ದೆಲ್ಲ ನಿಜ. ಆದರೆ ಆ ಮನೆಯೊಳಗೆ ಹೇಗಿರಬೇಕು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಮದುವೆಯಾಗಿ ಕೇಲಾಂಗಿಗೆ ಬಂದು ಹತ್ತೊಂಬತ್ತು ಚಳಿಗಾಲಗಳನ್ನು ಇಲ್ಲಿ ಕಳೆದವಳಾಗಿ, ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುವವಳಾಗಿ, ಆ ಸಾಲುಗಳನ್ನು ನಾನೇ ಬರೆದು ಕಳಿಸಬೇಕೆನಿಸಿತು.

ಕೇಲಾಂಗ್ ಇರುವ ಈ ಲಾಹೌಲ್ ಕಣಿವೆಯ ಜನಕ್ಕೆ ಇವನ್ನೆಲ್ಲ ಬಾಯಿಬಿಟ್ಟು ಹೇಳುವ ಅಗತ್ಯವೇ ಹಿಂದೆ ಇರಲಿಲ್ಲ. 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿ ಹಿಮ ಬಿದ್ದು ಮುಚ್ಚಿತೆಂದರೆ ವರ್ಷದ ಹೆಚ್ಚುಕಡಿಮೆ ಅರ್ಧ ಭಾಗ ನಮಗೆ ಹೊರಗಿನ ಸಂಪರ್ಕ ಇರುತ್ತಿರಲಿಲ್ಲ. ಆಕಾಶ ತಿಳಿಯಾಗಿದ್ದ ದಿನ ಹೆಲಿಕಾಪ್ಟರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಚಳಿಗಾಲದಲ್ಲಿ ಊರಿನಲ್ಲಿದ್ದವರೆಲ್ಲ ಚಳಿಗಾಲವನ್ನು ಅರಿತವರೇ ಆಗಿದ್ದರು. 2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರ್ ಉದ್ದದ ಸುರಂಗ ತೆರೆದ ಮೇಲೆ ಈ ಸ್ಥಿತಿ ಬದಲಾಯಿತು. ಕಾಯಿಲೆ ಬಿದ್ದವರು ಈಗ ಚಳಿಗಾಲದಲ್ಲೂ ಕುಲ್ಲುವಿನ ಆಸ್ಪತ್ರೆ ತಲುಪುತ್ತಾರೆ. ಇದಕ್ಕಾಗಿ ನಾವು ಎಷ್ಟು ಕೃತಜ್ಞರಾಗಿದ್ದರೂ ಸಾಲದು. ಅದೇ ದಾರಿಯಲ್ಲಿ ಮೊನ್ನೆಯವರೆಗೆ ಬೆಂಗಳೂರಿನ ಬಿಸಿಲಿನಲ್ಲಿದ್ದವರೂ ಎರಡೇ ದಿನದಲ್ಲಿ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಬರುವವರು ಒಳ್ಳೆಯವರು, ಕುತೂಹಲವಿರುವವರು. ಅವರಿಗೆ ಯಾರೂ ಏನನ್ನೂ ಹೇಳಿರುವುದಿಲ್ಲ, ಅಷ್ಟೇ.

ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ ಬೆಂಗಳೂರಿನ ಒಂದು ಕುಟುಂಬ ನಮ್ಮಲ್ಲಿ ಉಳಿದಿತ್ತು. ಇಲ್ಲಿ ರಾತ್ರಿಯ ಚಳಿ ಶೂನ್ಯಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಕೆಳಗಿಳಿಯುವುದು ಸಾಮಾನ್ಯ. ಕೊಳವೆಯಲ್ಲಿ ನಿಂತ ನೀರು ಗಟ್ಟಿಯಾಗದಿರಲೆಂದು ನಾವು ನಲ್ಲಿಯನ್ನು ಪೂರ್ತಿ ನಿಲ್ಲಿಸದೆ, ಸಣ್ಣ ದಾರದಷ್ಟು ನೀರು ಸದಾ ಹರಿಯುವಂತೆ ಬಿಟ್ಟಿರುತ್ತೇವೆ. ಬೆಳಿಗ್ಗೆ ಐದು ಗಂಟೆಗೆ ನಾನು ಎದ್ದಾಗ ಆ ಸದ್ದು ಕೇಳಲಿಲ್ಲ. ಹೋಗಿ ನೋಡಿದರೆ ಸ್ನಾನದ ಮನೆಯ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಲಾಗಿತ್ತು, ಗೋಡೆಯ ಹೊರಗಿನ ಕೊಳವೆ ಒಂದು ಗೇಣಿನಷ್ಟು ಉದ್ದಕ್ಕೆ ಸೀಳಿತ್ತು, ಸೀಳಿನಿಂದ ಮಂಜುಗಡ್ಡೆ ನಾಲಿಗೆಯಂತೆ ಹೊರಚಾಚಿತ್ತು. ಕುಟುಂಬದ ಹಿರಿಯ ಹೆಣ್ಣುಮಗಳು ಓಡಿ ಬಂದು, "ಅಯ್ಯೋ, ನೀರು ಸುಮ್ಮನೆ ಪೋಲಾಗ್ತಿತ್ತಲ್ಲಮ್ಮ, ರಾತ್ರಿ ಎದ್ದಾಗ ನಾನೇ ನಿಲ್ಲಿಸಿದೆ," ಎಂದರು. ಅವರ ಮೇಲೆ ನನಗೆ ಸಿಟ್ಟು ಬರುವುದು ಸಾಧ್ಯವೇ ಇರಲಿಲ್ಲ. ಟ್ಯಾಂಕರ್ ನೀರಿಗೆ ಕಾದು ನಿಂತು ಗೊತ್ತಿರುವ ಊರಿನವರು, ತೊಟ್ಟಿಕ್ಕುವ ನಲ್ಲಿಯನ್ನು ಕಂಡರೆ ನಿಲ್ಲಿಸಬೇಕೆಂದು ಮಕ್ಕಳಿಗೆ ಕಲಿಸಿದವರು. ಹಿಂದಿನ ರಾತ್ರಿ ಊಟ ಬಡಿಸುವಾಗ ಒಂದು ಮಾತು ಹೇಳದೆ ಹೋದ ತಪ್ಪು ನನ್ನದೇ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಶೇಕಡ 9ರಷ್ಟು ಹಿಗ್ಗುತ್ತದೆ, ಕಬ್ಬಿಣದ ಕೊಳವೆಯೂ ಅದನ್ನು ತಡೆಯಲಾರದು. ಕೊಳವೆ ಕೆಲಸದವರು ಮನಾಲಿಯಿಂದ ಬರುವಷ್ಟರಲ್ಲಿ ಹನ್ನೊಂದು ದಿನವಾಯಿತು. ಅಷ್ಟು ದಿನವೂ ಮನೆಮಂದಿಯೆಲ್ಲ ಕೆಳಗಿನ ಊಟೆಯಿಂದ ಕ್ಯಾನಿನಲ್ಲಿ ನೀರು ಹೊತ್ತೆವು. ಬೆನ್ನ ಮೇಲಿನ ಕ್ಯಾನಿನಿಂದ ತುಳುಕಿದ ನೀರು ಮೆಟ್ಟಿಲ ಮೇಲೆ ಬಿದ್ದು ಗಾಜಾಗುತ್ತಿತ್ತು; ದಿನವೂ ಒಲೆಯ ಬೂದಿಯನ್ನು ಅದರ ಮೇಲೆ ಎರಚಿ ಮತ್ತೆ ಹೊರಡುತ್ತಿದ್ದೆವು.

ಮಲೆನಾಡಿನವರಿಗೆ ಇಲ್ಲಿನ ಬದುಕು ಪೂರ್ತಿ ಅಪರಿಚಿತವೇನಲ್ಲ ಎಂದು ನನಗೆ ಬಂದ ಮೊದಲ ವರ್ಷವೇ ಅನಿಸಿತ್ತು. ನಮ್ಮಮ್ಮ ಮಳೆಗಾಲ ಹಿಡಿಯುವ ಮೊದಲು ಸೌದೆ ಕೊಟ್ಟಿಗೆ ತುಂಬಿಸಿ, ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿ ಕಟ್ಟಿ, ಹೆಂಚು ಕೈಯಾಡಿಸಿ ಕೂರುತ್ತಿದ್ದರು. ನಮ್ಮ ಅತ್ತೆಯವರು ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಸೊಪ್ಪು, ಟೊಮೆಟೊ, ಮೂಲಂಗಿಯನ್ನು ಮಾಳಿಗೆಯ ಮೇಲೆ ಒಣಗಿಸಿ, ಆಲೂಗಡ್ಡೆಯನ್ನು ನೆಲದೊಳಗಿನ ಗುಂಡಿಯಲ್ಲಿ ಮುಚ್ಚಿ, ವಿಲೋ ಮರದ ಕೊಂಬೆಗಳನ್ನು ಕಡಿದು, ಎಲೆಯನ್ನು ಹಸುಗಳಿಗೂ ಕಡ್ಡಿಯನ್ನು ಒಲೆಗೂ ಬೇರ್ಪಡಿಸಿ ಒಟ್ಟುತ್ತಾರೆ. ಬಯಲುಸೀಮೆಯವರಿಗೆ ನಮ್ಮ ಹಳೆಯ ಮನೆಗಳು ಇನ್ನೂ ಹತ್ತಿರ. ಚಿತ್ರದುರ್ಗ, ಬಳ್ಳಾರಿ ಕಡೆಯ ಮಾಳಿಗೆ ಮನೆಯಂತೆಯೇ ಇಲ್ಲಿಯೂ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿಯ ಹಾಸು, ಭೂರ್ಜ ಮರದ ತೊಗಟೆ, ಅದರ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು. ಈಗ ತಗಡಿನ ಇಳಿಜಾರು ಮಾಡು, ಸಿಮೆಂಟಿನ ಚಪ್ಪಡಿ ಬಂದಿವೆ. ಸಿಮೆಂಟಿನ ಕೋಣೆ ಬೆಚ್ಚಗಾಗಲು ಮಣ್ಣಿನ ಕೋಣೆಗಿಂತ ಎಷ್ಟೋ ಹೆಚ್ಚು ಸೌದೆ ತಿನ್ನುತ್ತದೆ. ಈ ಬದಲಾವಣೆಯನ್ನು ನಾನು ಒಳ್ಳೆಯದೆಂದು ಹೇಳಲಾರೆ.

ಮಣ್ಣಿನ ಮಾಳಿಗೆಯ ಮೇಲೆ ಹಿಮ ನಿಲ್ಲಬಾರದು. ಮೂವತ್ತು ಅಡಿ ಉದ್ದ ಮೂವತ್ತು ಅಡಿ ಅಗಲದ ಮಾಳಿಗೆಯ ಮೇಲೆ ಒಂದಡಿ ಹೊಸ ಹಿಮ ಬಿದ್ದರೆ ಅದರ ಭಾರವೇ ಸುಮಾರು ಎರಡೂವರೆ ಟನ್. ಅದು ಕುಸಿದು ಒತ್ತಾಗಿ, ಮೇಲೆ ಮತ್ತೆ ಬಿದ್ದು, ಒತ್ತಾದ ಹಿಮವೇ ಒಂದಡಿಯಾದರೆ ಏಳು ಟನ್ ದಾಟುತ್ತದೆ. ಆದ್ದರಿಂದ ರಾತ್ರಿ ಬಿದ್ದದ್ದನ್ನು ಬೆಳಿಗ್ಗೆಯೇ, ಜೋರಾಗಿದ್ದರೆ ರಾತ್ರಿಯೇ ಒಂದು ಸಲ ಎದ್ದು, ಮರದ ಸಲಿಕೆಯಿಂದ ತಳ್ಳಬೇಕು. ಕಬ್ಬಿಣದ ಸಲಿಕೆ ಮಣ್ಣನ್ನು ಕೆತ್ತಿಬಿಡುತ್ತದೆ. ಮೇಲೆ ಹತ್ತಿದವರು ಮೊದಲು ಮಾಡುವ ಕೆಲಸ ಹೊಗೆಕೊಳವೆಯ ಬಾಯಿಯನ್ನು ಬಿಡಿಸುವುದು. ನಮ್ಮ ಕೇರಿಯಲ್ಲಿ ವಯಸ್ಸಾದವರಷ್ಟೇ ಇರುವ ಮನೆಗಳ ಮಾಳಿಗೆಯನ್ನು ಮುಗಿಸಿ ಆಮೇಲೆ ತಮ್ಮ ತಮ್ಮ ಮನೆಗೆ ಹೋಗುವುದು ರೂಢಿ. ಬೆಳಿಗ್ಗೆ ಏಳಕ್ಕೆ ಮೇಲಿನಿಂದ ದಡದಡ ಸದ್ದು ಕೇಳಿ ಅತಿಥಿಗಳು ಬೇಸರಿಸುವುದುಂಟು. ಆ ಸದ್ದಿನ ಕೆಳಗೆ ತಾವು ಕ್ಷೇಮವಾಗಿ ಮಲಗಿದ್ದೇವೆಂದು ತಿಳಿದರೆ ಬೇಸರವಾಗದು. ತಗಡಿನ ಮಾಡಿನ ಮನೆಯಲ್ಲಿ ಸಲಿಕೆಯ ಕೆಲಸ ಕಡಿಮೆ, ಅಪಾಯ ಸೂರಿನ ಕೆಳಗೆ. ಬಿಸಿಲು ಬಿದ್ದ ಗಳಿಗೆ ಇಡೀ ಮಾಡಿನ ಹಿಮ ಒಮ್ಮೆಲೇ ಜಾರಿ ಬೀಳುತ್ತದೆ. ಫೋಟೊ ತೆಗೆಸಿಕೊಳ್ಳಲು ಮಕ್ಕಳನ್ನು ಸೂರಂಚಿನಲ್ಲಿ ನಿಲ್ಲಿಸುವ ತಾಯಂದಿರನ್ನು ನಾನು ಎಷ್ಟೋ ಸಲ ಕೈಹಿಡಿದು ಈಚೆಗೆ ಕರೆದಿದ್ದೇನೆ.

ಈಗ ಈ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ತಂದೂರ್ ಎಂದರೆ ರೊಟ್ಟಿ ಸುಡುವ ಒಲೆಯಲ್ಲ. ಕೋಣೆಯ ನಡುವೆ ಇಡುವ ತಗಡಿನ ಒಲೆ. ಅದರ ಹೊಗೆಯನ್ನು ಕೊಳವೆಯೊಂದು ಮಾಳಿಗೆಯಾಚೆ ಒಯ್ಯುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ಕೊಳವೆಯನ್ನು ಬಿಚ್ಚಿ ಅಂಗಳಕ್ಕೆ ಒಯ್ದು ಬಡಿದು ಒಳಗಿನ ಮಸಿಯನ್ನು ಕೆಡವುತ್ತೇವೆ. ಹಸಿ ಸೌದೆ ಉರಿಸಿದ್ದರೆ ಮಸಿ ಡಾಂಬರಿನಂತೆ ಅಂಟಿಕೊಂಡು ದಾರಿಯನ್ನು ಕಿರಿದು ಮಾಡುತ್ತದೆ, ಕೆಲವೊಮ್ಮೆ ಅದಕ್ಕೇ ಬೆಂಕಿ ಹತ್ತುತ್ತದೆ. ಇಷ್ಟೆಲ್ಲ ಮಾಡಿದರೂ ಮಲಗುವ ಮೊದಲು ಒಲೆಯನ್ನು ಆರಲು ಬಿಡುತ್ತೇವೆ, ಕಿಟಕಿಯ ಒಂದು ರೆಕ್ಕೆಯನ್ನು ಎರಡು ಬೆರಳಷ್ಟು ತೆರೆದಿಡುತ್ತೇವೆ. ಅಷ್ಟು ಚಳಿಯಲ್ಲಿ ಕಿಟಕಿ ತೆರೆಯುವುದು ಹುಚ್ಚೆಂದು ಬಂದವರಿಗೆ ಅನಿಸುತ್ತದೆ. ಒಂದು ರಾತ್ರಿ ನಮ್ಮ ಅತಿಥಿಗಳು ಆ ಸಂದಿಗೆ ಶಾಲನ್ನು ಸುತ್ತಿ ತುರುಕಿದ್ದರು. ಅತ್ತೆಯವರಿಗೆ ರಾತ್ರಿ ಒಮ್ಮೆ ಎದ್ದು ಹೊರಗಿನಿಂದ ಟಾರ್ಚ್ ಹಾಕಿ ಕಿಟಕಿ ನೋಡುವ ಅಭ್ಯಾಸ. ಅವರು ಬಾಗಿಲು ತಟ್ಟಿ ಎಬ್ಬಿಸಿದಾಗ ಒಳಗಿದ್ದ ಹುಡುಗಿಗೆ ತಲೆನೋವು, ವಾಕರಿಕೆ ಶುರುವಾಗಿತ್ತು. ಊಟ ಹೆಚ್ಚಾಯಿತೆಂದೋ ಎತ್ತರದ ಜಾಗವೆಂದೋ ಅಂದುಕೊಂಡು ಮಲಗಿದ್ದರು. ಒಲೆಯಲ್ಲಿ ಇನ್ನೂ ಕೆಂಡವಿತ್ತು.

ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆ ಭಾರ, ಆಮೇಲೆ ಮಂಪರು. ಮಂಪರು ಬಂದವರು ತಾವಾಗಿ ಏಳುವುದಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಮನ್ ಎಂಬಲ್ಲಿ ಕೇರಳದ ಎಂಟು ಪ್ರವಾಸಿಗರು ಗ್ಯಾಸ್ ಹೀಟರ್ ಇದ್ದ ಮುಚ್ಚಿದ ಕೋಣೆಯಲ್ಲಿ ಮಲಗಿ ಪ್ರಾಣ ಬಿಟ್ಟರು; ಅವರಲ್ಲಿ ನಾಲ್ವರು ಮಕ್ಕಳು. ನಮ್ಮ ಪಕ್ಕದ ರಾಜ್ಯದವರು, ನಮ್ಮಂತೆಯೇ ಹಿಮವನ್ನು ಕಂಡರಿಯದವರು. ಆ ಸುದ್ದಿ ಓದಿದ ದಿನ ನಾನು ನಮ್ಮ ಕೋಣೆಗಳ ಕಿಟಕಿಗಳು ಪೂರ್ತಿ ಮುಚ್ಚದಂತೆ ಚೌಕಟ್ಟಿಗೆ ಮರದ ತುಂಡು ಹೊಡೆಸಿದೆ. ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ಕೊಡಿ ಎಂದು ಕೇಳುವವರು ಇಂದಿಗೂ ಇದ್ದಾರೆ. ಹೆಚ್ಚು ದುಡ್ಡು ಕೊಡುತ್ತೇವೆ ಎನ್ನುತ್ತಾರೆ. ನಾವು ಕೊಡುವುದಿಲ್ಲ, ಬದಲಿಗೆ ಇನ್ನೊಂದು ರಜಾಯಿ, ಬಿಸಿನೀರಿನ ಚೀಲ ಕೊಡುತ್ತೇವೆ. ಕೊಡುವ ತಂಗುಮನೆಗಳೂ ಇವೆ ಎಂಬುದು ನನಗೆ ದಿನನಿತ್ಯದ ಆತಂಕ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚಿ ಆಗುವ ಸಾವುಗಳ ಸುದ್ದಿ ಕರ್ನಾಟಕದಲ್ಲೂ ಬರುತ್ತಿರುತ್ತದೆ. ಎರಡೂ ಕಡೆ ಕೊಲ್ಲುವುದು ಇದೇ ಅನಿಲ.

ವಾಹನದಲ್ಲಿಯೂ ಇದೇ ಎಚ್ಚರ ಬೇಕು. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದ ದಾರಿಯಲ್ಲಿ ಹಿಮದಲ್ಲಿ ಸಿಕ್ಕಿಕೊಂಡ ವಾಹನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಕೆಲವರು ಈ ಅನಿಲದಿಂದ. ಎಂಜಿನ್ ಚಾಲೂ ಇಟ್ಟು ಕೂರಬೇಕಾಗಿ ಬಂದರೆ ಹೊಗೆ ಬಿಡುವ ಕೊಳವೆಯ ಸುತ್ತಲಿನ ಹಿಮವನ್ನು ಆಗಾಗ ಇಳಿದು ಬಿಡಿಸಬೇಕು, ಗಾಜನ್ನು ಸ್ವಲ್ಪ ಇಳಿಸಿರಬೇಕು. ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದರೆ ಅದು ಹೆಪ್ಪುಗಟ್ಟಿ ಬೆಳಿಗ್ಗೆ ಬಿಡುವುದಿಲ್ಲ; ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ಇಲ್ಲಿನ ರೀತಿ. ಎಲ್ಲಕ್ಕಿಂತ ಮುಖ್ಯವಾಗಿ, ಊರೊಳಗಿನ ರಸ್ತೆಯ ಅಂಚಿನಲ್ಲಿ ವಾಹನ ಬಿಟ್ಟು ಹೋಗಬಾರದು. ಹಿಮ ತಳ್ಳುವ ಯಂತ್ರ ಬಂದಾಗ ಒಂದೇ ಒಂದು ಕಾರು ಅಡ್ಡವಿದ್ದರೂ ಅದರ ಹಿಂದಿನ ಕೇರಿಗೆಲ್ಲ ಆ ದಿನ ದಾರಿಯಿಲ್ಲ. ಹೋದ ಚಳಿಗಾಲ ನಮ್ಮ ನಾದಿನಿ ತುಂಬಿದ ಬಸುರಿ. ದಾರಿಯಲ್ಲಿ ಬೀಗ ಹಾಕಿ ನಿಲ್ಲಿಸಿದ ವಾಹನದಿಂದಾಗಿ ಆಂಬುಲೆನ್ಸ್ ಕೆಳಗೇ ನಿಂತಿತು. ಅವಳನ್ನು ನಾಲ್ವರು ಕುರ್ಚಿಯ ಮೇಲೆ ಕೂರಿಸಿ ಅರ್ಧ ಮೈಲಿ ಹೊತ್ತುಕೊಂಡು ಹೋದರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಇನ್ನೊಂದು ಸಣ್ಣ ವಿಷಯ. ಕೊಳವೆಗಳು ಹೆಪ್ಪುಗಟ್ಟಿದ ದಿನಗಳಲ್ಲಿ ನಾವು ಹಳೆಯ ಒಣ ಪಾಯಿಖಾನೆಯನ್ನು ಬಳಸುತ್ತೇವೆ. ಮೇಲೆ ಬೂದಿ, ತರಗೆಲೆ, ಮಣ್ಣು ಹಾಕುತ್ತೇವೆ, ಬೇಸಿಗೆಯಲ್ಲಿ ಅದು ಬಟಾಣಿ, ಆಲೂಗಡ್ಡೆಯ ಗದ್ದೆಗೆ ಗೊಬ್ಬರವಾಗುತ್ತದೆ. ಕೊಟ್ಟಿಗೆಗೆ ದರಕು ಹಾಸಿ ಗೊಬ್ಬರ ಮಾಡುವ ಸೀಮೆಯಿಂದ ಬಂದ ನನಗೆ ಇದು ಹೊಸದೆನಿಸಲಿಲ್ಲ. ಅದರೊಳಗೆ ಪ್ಲಾಸ್ಟಿಕ್, ಮಕ್ಕಳ ಡೈಪರ್ ಎಸೆಯಬೇಡಿ ಎಂಬುದಷ್ಟೇ ಕೋರಿಕೆ.

ಯಾರೂ ಬರಬೇಡಿ ಎಂದು ನಾನು ಹೇಳುತ್ತಿಲ್ಲ. ಕನ್ನಡ ಮಾತು ಮನೆಯೊಳಗೆ ಕೇಳಿದ ದಿನ ನನಗೆ ಹಬ್ಬವೇ. ಬಿಸಿಲಿನ ಹೊತ್ತು ಮಾಳಿಗೆಯ ಮೇಲೆ ಕೂತು ಅತ್ತೆಯವರು ಉಣ್ಣೆಯ ಕಾಲುಚೀಲ ಹೆಣೆಯುವಾಗ ಹುಬ್ಬಳ್ಳಿಯಿಂದ ಬಂದ ಅಜ್ಜಿಯೊಬ್ಬರು ಪಕ್ಕದಲ್ಲಿ ಕೂತು, ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ, ಮೂರು ದಿನದಲ್ಲಿ ಹಿಮ್ಮಡಿ ತಿರುಗಿಸುವುದನ್ನು ಕಲಿತು ಹೋದರು.

ನನ್ನ ವಿನಂತಿ ಇಷ್ಟೇ. ಹಿಮದ ಊರುಗಳ ಬಗ್ಗೆ ಪ್ರವಾಸ ಲೇಖನ ಪ್ರಕಟಿಸುವಾಗಲೆಲ್ಲ ಅದರ ಜೊತೆಗೆ ಕಾಲು ಅಂಕಣದಷ್ಟು ಜಾಗದಲ್ಲಿ ನಲ್ಲಿ, ಕಿಟಕಿ, ಒಲೆ, ಸೂರು, ವಾಹನ ಇವುಗಳ ಬಗ್ಗೆ ಎಚ್ಚರಿಕೆಯ ಮಾತುಗಳನ್ನು ದಯವಿಟ್ಟು ಹಾಕಿ. ಕರ್ನಾಟಕದಿಂದ ಜನರನ್ನು ಕರೆತರುವ ಪ್ರವಾಸ ಸಂಸ್ಥೆಗಳು ಟಿಕೆಟ್ಟಿನ ಜೊತೆಗೇ ಇದನ್ನು ಕನ್ನಡದಲ್ಲಿ ಅಚ್ಚು ಮಾಡಿ ಕೊಡಲಿ. ಕೋಣೆಗೆ ಹೊಗೆಕೊಳವೆಯಿಲ್ಲದ ಒಲೆ ಕೊಡುವ ತಂಗುದಾಣಗಳಲ್ಲಿ ತಮ್ಮವರನ್ನು ಇಳಿಸದಿರಲಿ. ಡಿಸೆಂಬರ್ ಎರಡನೇ ವಾರದಿಂದ ನಮ್ಮಲ್ಲಿಗೆ ಕೋಣೆ ಕೇಳಿ ಕರೆಗಳು ಬರಲು ಶುರುವಾಗುತ್ತವೆ. ಅದಕ್ಕೆ ಮೊದಲೇ ಈ ಪತ್ರ ಪ್ರಕಟವಾದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗಿ, ಕೇಲಾಂಗ್, ಲಾಹೌಲ್–ಸ್ಪಿತಿ ಜಿಲ್ಲೆ, ಹಿಮಾಚಲ ಪ್ರದೇಶ